ಆಟದ ಕಷ್ಟ, ಆಟಗಾರನ ಇಷ್ಟ

"ಸರ್, ಯಾವ ಆಟ ಒಳ್ಳೆಯದು?" ಜೊಯಿಡಾದ ನಮ್ಮ ತರಗತಿಯಲ್ಲಿ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಅವರು ಕೇಳುವುದು ಕಬಡ್ಡಿಯನ್ನಾಗಲಿ ಖೋಖೋವನ್ನಾಗಲಿ ಕುರಿತು ಅಲ್ಲ. ಕೈಯಲ್ಲಿರುವ ಫೋನಿನಲ್ಲಿ ಆಡುವ ವಿಡಿಯೋ ಗೇಮುಗಳನ್ನು ಕುರಿತು. ಭೌತಶಾಸ್ತ್ರದ ಅಧ್ಯಾಪಕನಲ್ಲಿ ಕೇಳತಕ್ಕ ಪ್ರಶ್ನೆಯೇ ಇದು ಎಂದು ಯಾರಾದರೂ ಹುಬ್ಬೇರಿಸಬಹುದು. ಮೊದಲು ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಒಂದು ದಿನ ನಡೆದ ಮಾತುಕತೆ ನನ್ನ ಅಭಿಪ್ರಾಯವನ್ನು ಬದಲಿಸಿತು.

ಒಬ್ಬ ವಿದ್ಯಾರ್ಥಿ ತನಗೆ ಮೆಚ್ಚುಗೆಯಾದ ಒಂದು ಆಟವನ್ನು ಗೆಳೆಯರಿಬ್ಬರಿಗೆ ಸೂಚಿಸಿದ್ದನು. ಅವರಲ್ಲಿ ಒಬ್ಬನು ಅದನ್ನು ಎರಡೇ ಸಂಜೆಗಳಲ್ಲಿ ಮುಗಿಸಿ, "ಬರೀ ಸಪ್ಪೆ" ಎಂದನು. ಇನ್ನೊಬ್ಬನು ಮೂರನೆಯ ಹಂತದಲ್ಲಿಯೇ ಒಂದು ವಾರ ಹೆಣಗಿ ಕೈಬಿಟ್ಟನು. ಕೈಬಿಟ್ಟುದು ದೊಡ್ಡ ಮಾತಲ್ಲ. ಆದರೆ ಅವನು ತಲೆ ತಗ್ಗಿಸಿ, "ನನ್ನ ತಲೆಗೆ ಇಂಥವು ಹತ್ತುವುದಿಲ್ಲ ಸರ್" ಎಂದನು. ಆಟ ಒಂದೇ, ತೀರ್ಪುಗಳು ಮಾತ್ರ ಎರಡು. ಅವುಗಳಲ್ಲಿ ಒಂದು ಆಟದ ಮೇಲೆ, ಇನ್ನೊಂದು ತನ್ನ ಮೇಲೆಯೇ! ಈ ಎರಡನೆಯ ತೀರ್ಪು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಏಕೆ ತಪ್ಪೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯನ್ನು ಎಲ್ಲರೂ ಬಲ್ಲರು. ಸೂಪಾ ಅಣೆಕಟ್ಟನ್ನು ದಾಟಿದ ಮೇಲೆ, ಗಣೇಶಗುಡಿಯ ಕೆಳಭಾಗದಲ್ಲಿ, ಬಂಡೆಗಳ ನಡುವೆ ನುಗ್ಗುವ ಅದರ ನೀರಿನಲ್ಲಿ ಪ್ರವಾಸಿಗರು ರಬ್ಬರಿನ ದೋಣಿಗಳನ್ನು ತೇಲಿಬಿಟ್ಟು ಸಾಹಸಪಡುವುದುಂಟು. ರಾಫ್ಟಿಂಗ್ ಎಂದು ಕರೆಯುವ ಈ ವಿಹಾರಕ್ಕೆ ಅಂತರರಾಷ್ಟ್ರೀಯವಾದ ಒಂದು ಮಾಪನವಿದೆ. ಹರಿಯುವ ನೀರನ್ನು ಅದರ ಉಗ್ರತೆಗೆ ತಕ್ಕಂತೆ 1ರಿಂದ 6ರವರೆಗೆ ದರ್ಜೆಗಳಾಗಿ ವಿಂಗಡಿಸುತ್ತಾರೆ. 1 ಎಂದರೆ ಮಗುವೂ ಹೆದರದ ನೀರು. 6 ಎಂದರೆ ನುರಿತವರೂ ಹಿಂಜರಿಯುವ ನೀರು. ಕಾಳಿಯ ಈ ಭಾಗವನ್ನು ಸಾಮಾನ್ಯವಾಗಿ 2 ಮತ್ತು 3ನೆಯ ದರ್ಜೆಗೆ ಸೇರಿಸುತ್ತಾರೆ.

ಆದರೆ 3ನೆಯ ದರ್ಜೆಯ ನೀರು ಕಷ್ಟವೋ ಸುಲಭವೋ? ಈ ಪ್ರಶ್ನೆಗೆ ನದಿಯೊಂದನ್ನೇ ನೋಡಿ ಉತ್ತರಿಸಲಾಗದು. ದೋಣಿಯಲ್ಲಿ ಕುಳಿತವನಾರು ಎಂಬುದನ್ನೂ ಕೇಳಬೇಕು. ವೇಗವನ್ನು ಹೇಳುವಾಗ ಯಾವುದಕ್ಕೆ ಹೋಲಿಸಿದ ವೇಗ ಎಂದು ಹೇಳದಿದ್ದರೆ ಮಾತು ಅಪೂರ್ಣವಾಗುವುದೆಂದು ತರಗತಿಯಲ್ಲಿ ಕಲಿತಿದ್ದೀರಷ್ಟೆ. ಕಷ್ಟವೂ ಹಾಗೆಯೇ. ಅದು ಆಟದೊಳಗೆ ಅಡಗಿರುವ ಗುಣವಲ್ಲ. ಆಟಕ್ಕೂ ಆಟಗಾರನಿಗೂ ನಡುವೆ ಇರುವ ಅಂತರ.

ಈ ಅಂತರವನ್ನು ಅಳೆಯುವ ಬಗೆಯನ್ನು ಬಳಕೆಗೆ ತಂದವನೂ ಒಬ್ಬ ಭೌತಶಾಸ್ತ್ರದ ಅಧ್ಯಾಪಕನೇ ಎಂಬುದು ನನಗೆ ಸಂತೋಷದ ಸಂಗತಿ. ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಆರ್ಪಾಡ್ ಇಲೋ ಎಂಬಾತನು ಚದುರಂಗದ ಆಟಗಾರರಿಗೆ ಅಂಕಗಳನ್ನು ಕೊಡುವ ಕ್ರಮವೊಂದನ್ನು ರೂಪಿಸಿದನು. ಅಮೆರಿಕದ ಚದುರಂಗ ಸಂಘವು ಅದನ್ನು 1960ರಲ್ಲಿಯೂ, ಅಂತರರಾಷ್ಟ್ರೀಯ ಸಂಸ್ಥೆಯು 1970ರಲ್ಲಿಯೂ ಅಂಗೀಕರಿಸಿದವು. ಅದರ ತಿರುಳು ಸರಳವಾದುದು. ಇಬ್ಬರ ಅಂಕಗಳು ಸಮವಾಗಿದ್ದರೆ ಗೆಲುವಿನ ನಿರೀಕ್ಷೆ ನೂರಕ್ಕೆ 50. ಅಂತರವು 200 ಇದ್ದರೆ ಮೇಲಿನವನಿಗೆ ನೂರಕ್ಕೆ ಸುಮಾರು 76. 400 ಇದ್ದರೆ ಸುಮಾರು 91. ಇಲ್ಲಿ ಯಾರೂ ಸ್ವತಃ ಬಲಶಾಲಿಯಲ್ಲ, ಸ್ವತಃ ದುರ್ಬಲನೂ ಅಲ್ಲ. ಸೂತ್ರದೊಳಗೆ ಬರುವುದು ವ್ಯತ್ಯಾಸವೊಂದೇ.

ಎದುರಾಳಿಯು ಮನುಷ್ಯನೇ ಆಗಿರಬೇಕೆಂಬ ನಿಯಮವೂ ಇಲ್ಲ. ಲಿಚೆಸ್ ಎಂಬ ಚದುರಂಗದ ತಾಣದಲ್ಲಿ ಬಿಡಿಸಬೇಕಾದ ಸಮಸ್ಯೆಗಳಿಗೂ ಇದೇ ಬಗೆಯ ಅಂಕಗಳಿವೆ. ನೀವು ಸಮಸ್ಯೆಯನ್ನು ಬಿಡಿಸಿದರೆ ಗೆದ್ದವರು ನೀವು. ಬಿಡಿಸಲಾರದೆ ಹೋದರೆ ಗೆದ್ದುದು ಸಮಸ್ಯೆ. ಸಾವಿರಾರು ಜನರೊಡನೆ ಸೆಣಸಿದ ಬಳಿಕ ಆ ಸಮಸ್ಯೆಯ ಕಷ್ಟವೆಷ್ಟೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ಅಂತರವಿದ್ದರೆ ಚೆನ್ನು? 2019ರಲ್ಲಿ ರಾಬರ್ಟ್ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಎರಡರಲ್ಲಿ ಒಂದನ್ನು ಆರಿಸಲು ಕಲಿಯುವ ಕೆಲವು ಬಗೆಯ ಯಂತ್ರಗಣನೆಗಳು ನೂರಕ್ಕೆ ಸುಮಾರು 85ರಷ್ಟು ಸರಿಯುತ್ತರ ಬರುವ ಮಟ್ಟದಲ್ಲಿ ಅತಿ ಶೀಘ್ರವಾಗಿ ಕಲಿಯುತ್ತವೆ ಎಂದು ಕಂಡುಬಂದಿತು. ಇಲೋವಿನ ಲೆಕ್ಕದಲ್ಲಿ ಇದು ಸುಮಾರು 300 ಅಂಕಗಳ ಅಂತರ. ಇದನ್ನು ಮನುಷ್ಯರೆಲ್ಲರಿಗೂ ಅನ್ವಯಿಸುವ ನಿಯಮವೆಂದು ಭಾವಿಸಬಾರದು. ದಿನವೆಲ್ಲ ದುಡಿದು ದಣಿದವನು ನೂರಕ್ಕೆ 95 ಸಲ ಗೆಲ್ಲುವ ಆಟವನ್ನು ಬಯಸಿದರೆ ಅದು ಸೋಮಾರಿತನವಲ್ಲ. ಹತ್ತು ಸಲ ಸೋತು ಒಮ್ಮೆ ಗೆದ್ದಾಗ ಕುಣಿದಾಡುವವನದು ಹುಚ್ಚೂ ಅಲ್ಲ. ಅಭಿರುಚಿಗಳು ಭಿನ್ನ. ಆದರೆ ಎಂದೂ ತಪ್ಪದ ಕಡೆ ಕಲಿಯುವುದಕ್ಕೆ ಏನೂ ಉಳಿದಿರುವುದಿಲ್ಲ, ಎಂದೂ ಗೆಲ್ಲದ ಕಡೆ ಕಲಿಯುವುದಕ್ಕೆ ಹಿಡಿಯೇ ಸಿಕ್ಕುವುದಿಲ್ಲ ಎಂಬಷ್ಟನ್ನು ಅನುಭವವೂ ಒಪ್ಪುತ್ತದೆ.

ಈಗ ಫೋನಿನಲ್ಲಿ ಕಾಣುವ ಶಿಫಾರಸುಗಳನ್ನು ನೋಡಿರಿ. ಆಟದ ಹೆಸರಿನ ಕೆಳಗೆ ಇಷ್ಟು ನಕ್ಷತ್ರಗಳೆಂದು ಬರೆದಿರುತ್ತದೆ. ಅದೊಂದು ಸರಾಸರಿ. ಅರ್ಧ ಜನ 5 ನಕ್ಷತ್ರಗಳನ್ನೂ, ಉಳಿದರ್ಧ ಜನ 1 ನಕ್ಷತ್ರವನ್ನೂ ಕೊಟ್ಟರೆ ಸರಾಸರಿ 3 ಆಗುತ್ತದೆ. ಆದರೆ 3 ಎಂದವನು ಅವರಲ್ಲಿ ಒಬ್ಬನೂ ಇಲ್ಲ! ಸೂಚಿಸಿದವನು ಯಾರು, ಅವನ ಅಭ್ಯಾಸವೆಷ್ಟು, ಅವನು ಬಯಸಿದ್ದೇನು ಎಂಬ ಸಂಗತಿಗಳೆಲ್ಲ ಆ ಅಂಕೆಯಲ್ಲಿ ಕರಗಿಹೋಗಿರುತ್ತವೆ. ಜಾಲಸಂಪರ್ಕಕ್ಕಾಗಿ ಗುಡ್ಡ ಹತ್ತಬೇಕಾದ ನಮ್ಮ ಹಳ್ಳಿಯ ಹುಡುಗನಿಗೆ, ಎಡೆಬಿಡದ ಸಂಪರ್ಕವನ್ನು ಬೇಡುವ ಆಟ ಎಷ್ಟು ನಕ್ಷತ್ರ ಪಡೆದಿದ್ದರೇನು?

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಆಟದ ಕಷ್ಟವನ್ನು ಗೊತ್ತುಪಡಿಸುವವರು ಯಾರು?

ನಮ್ಮ ಮನೆಗಳಲ್ಲಿ ಅದನ್ನು ಗೊತ್ತುಪಡಿಸುತ್ತಿದ್ದವರು ಹಿರಿಯರು. ಚೆನ್ನೆಮಣೆಯ ಮುಂದೆ ಮೊಮ್ಮಗಳೊಡನೆ ಕುಳಿತ ಅಜ್ಜಿ ತನ್ನ ಪಾಲಿನ ಹುಣಿಸೆಬೀಜಗಳಲ್ಲಿ ನಾಲ್ಕನ್ನು ಮಗುವಿನ ಗುಳಿಗೆ ಹಾಕಿ, "ಇವು ನಿನಗಿರಲಿ, ಈಗ ಆಡು" ಎನ್ನುವಳು. ಮಗುವಿನ ಕೈ ಪಳಗಿದಂತೆ ಆ ರಿಯಾಯಿತಿ ನಿಲ್ಲುವುದು. ಅರಮನೆಯಲ್ಲಿಯೂ ಇಂಥದೇ ಏರ್ಪಾಡಿತ್ತು. ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಯಾಟಗಳಲ್ಲಿ ಚಿಕ್ಕ ಕಟ್ಟಿಗೆ 36 ಎಲೆಗಳಾದರೆ ಅತಿ ದೊಡ್ಡ ಕಟ್ಟಿಗೆ 360. ಎಷ್ಟು ಎಲೆಗಳನ್ನು ನೆನಪಿನಲ್ಲಿಡಬಲ್ಲೆನೆಂದು ತಿಳಿದು, ತನಗೊಪ್ಪುವ ಕಟ್ಟನ್ನು ಆಟಗಾರನೇ ಆರಿಸಬಹುದಾಗಿತ್ತು. ಅಜ್ಜಿಯ ನಾಲ್ಕು ಬೀಜಗಳೂ, ಅರಮನೆಯ ಎಲೆಗಳ ಸಂಖ್ಯೆಯೂ ಕಣ್ಣಿಗೆ ಕಾಣುವಂಥವು ಎಂಬುದನ್ನು ಮರೆಯಬಾರದು.

ಪರದೆಯ ಮೇಲಿನ ಆಟಗಳೂ ಹೀಗೆಯೇ ಆರಂಭವಾದವು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ನಾವು ಪ್ರಯೋಗಾಲಯದಲ್ಲಿ ಬಳಸುವಂಥ ಆಸಿಲೋಸ್ಕೋಪಿನ ತೆರೆಯ ಮೇಲೆ ಟೆನಿಸ್ ಆಟವೊಂದನ್ನು ಮೂಡಿಸಿದನು. ಮರುವರ್ಷ ಅದನ್ನು ಸುಧಾರಿಸಿದಾಗ, ಚೆಂಡು ಚಂದ್ರನ ಗುರುತ್ವದಲ್ಲಿ ಅಥವಾ ಗುರುಗ್ರಹದ ಗುರುತ್ವದಲ್ಲಿ ಹಾರುವಂತೆ ಮಾಡುವ ಅನುಕೂಲವೂ ಸೇರಿತು. ಗುರುತ್ವ ಬದಲಾದಂತೆ ಚೆಂಡಿನ ಪಥವೂ, ಅದರೊಡನೆ ಆಟದ ಕಷ್ಟವೂ ಬದಲಾಗುವುವು. ಅದು ಬದಲಾಗಿದೆಯೆಂಬುದು ಆಡುವವರಿಗೂ ಗೊತ್ತು.

ಕಷ್ಟವು ಆಕಸ್ಮಿಕವಾಗಿ ಒದಗಿಬಂದುದೂ ಉಂಟು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿ ಶತ್ರುಗಳ ದೊಡ್ಡ ದಂಡನ್ನು ಚಿತ್ರಿಸುವುದಕ್ಕೆ ಆಗಿನ ಗಣಕಕ್ಕೆ ಹೊತ್ತು ಹಿಡಿಯುತ್ತಿತ್ತು. ಶತ್ರುಗಳು ಒಬ್ಬೊಬ್ಬರಾಗಿ ಉರುಳಿದಂತೆ ಗಣಕದ ಕೆಲಸ ಹಗುರವಾಗಿ, ಉಳಿದವರು ಹೆಚ್ಚು ವೇಗವಾಗಿ ಚಲಿಸತೊಡಗಿದರು. ನಿಶಿಕಾಡೊ ಇದನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡನು. ಆಟ ಕೊನೆಗೊಳ್ಳುತ್ತ ಬಂದಂತೆ ಬಿರುಸಾಗುವ ಸೊಗಸು ಹೀಗೆ ಹುಟ್ಟಿತು.

ಇಂದಿನ ಹಲವು ಆಟಗಳಲ್ಲಿ ಪರಿಸ್ಥಿತಿ ಬೇರೆ. ಕಷ್ಟವನ್ನು ಏರಿಸಿ ಇಳಿಸುವ ಕೆಲಸ ತೆರೆಯ ಹಿಂದೆ, ಆಟಗಾರನಿಗೆ ತಿಳಿಯದಂತೆ ನಡೆಯುತ್ತದೆ. ಇದನ್ನು ಅರಿಯಲು ಮತ್ತೆ ಕಾಳಿಯ ದಡಕ್ಕೆ ಬನ್ನಿರಿ. ಗಣೇಶಗುಡಿಯ ಕೆಳಗೆ ದೋಣಿಯಲ್ಲಿರುವವನಿಗೆ ನೀರಿನ ಉಗ್ರತೆ ನಿಸರ್ಗದ್ದೆಂದೇ ತೋರುವುದು. ನಿಜವಾಗಿ ಅದು ಮೇಲಿನ ಸೂಪಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದನ್ನು ಅವಲಂಬಿಸಿದೆ. ನೀರು ಬಿಡುವುದು 100 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಕ್ಕಾಗಿ. ದೋಣಿಯವನ ಸಂತೋಷಕ್ಕಾಗಿ ಅಲ್ಲ. ಇದರಲ್ಲಿ ಮೋಸವೇನೂ ಇಲ್ಲ. ವಿದ್ಯುತ್ತು ಎಲ್ಲರಿಗೂ ಬೇಕಾದುದು, ನೀರು ಬಿಡುವ ಸಂಗತಿಯೂ ಎಲ್ಲರಿಗೂ ತಿಳಿದುದು. ಆದರೆ ಫೋನಿನ ಆಟದ ತೂಬನ್ನು ಎತ್ತಿ ಇಳಿಸುವವರು ಯಾರು? ಯಾರ ಪ್ರಯೋಜನಕ್ಕಾಗಿ?

2017ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸಂಶೋಧಕರು, ಆಟಗಾರನು ಆಟವನ್ನು ಬಿಟ್ಟುಹೋಗದೆ ಹೆಚ್ಚು ಕಾಲ ಆಡುತ್ತಿರುವಂತೆ ಕಷ್ಟವನ್ನು ಹೊಂದಿಸುವ ಗಣಿತವನ್ನು ಪ್ರಕಟಿಸಿದರು. ಅದೇ ವರ್ಷ ಆಕ್ಟಿವಿಷನ್ ಕಂಪನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ದೊರೆಯಿತು. ಆಟದೊಳಗಿನ ವಸ್ತುಗಳನ್ನು ಕೊಳ್ಳಲು ಪ್ರೇರಣೆಯಾಗುವ ರೀತಿಯಲ್ಲಿ ಆಟಗಾರರನ್ನು ಪರಸ್ಪರ ಜೋಡಿಸುವ ವಿಧಾನವದು. ಅದನ್ನು ಯಾವ ಆಟದಲ್ಲಿಯೂ ಬಳಸಿಲ್ಲವೆಂದು ಕಂಪನಿ ಆಗ ಹೇಳಿತು. ಇರಲಿ. ಹಾಗೆ ಮಾಡಲು ಸಾಧ್ಯವೆಂಬುದಂತೂ ಸ್ಪಷ್ಟವಾಯಿತಷ್ಟೆ. ಅಜ್ಜಿ ಬೀಜ ಕೊಟ್ಟುದು ಮಗು ಕಲಿಯಲೆಂದು; ಇಲ್ಲಿಯ ಲೆಕ್ಕ ಆಟಗಾರನು ಏಳದಿರಲೆಂದು. ಎರಡೂ ಕಷ್ಟದ ಹೊಂದಾಣಿಕೆಯೇ ಆದರೂ ಉದ್ದೇಶ ಒಂದೇ ಅಲ್ಲ.

ಸುಲಭಗೊಳಿಸುವುದೇ ತಪ್ಪು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. 2019ರ 'ಸೆಕಿರೊ' ಎಂಬ ಜಪಾನಿ ಆಟದಲ್ಲಿ ಸುಲಭ, ಕಠಿಣ ಎಂಬ ಆಯ್ಕೆಯೇ ಇಲ್ಲ. ಎಲ್ಲರೂ ಒಂದೇ ಬೆಟ್ಟವನ್ನು ಹತ್ತಬೇಕು, ಗೆದ್ದವನ ಹೆಮ್ಮೆಗೆ ಅದೇ ಆಧಾರ. ಆದರೆ 2018ರ 'ಸೆಲೆಸ್ಟ್' ಎಂಬ ಆಟವೂ ಬಹು ಕಠಿಣವಾದುದೇ. ಬೇಕಾದವರು ಆಟದ ವೇಗವನ್ನು ತಗ್ಗಿಸಿಕೊಳ್ಳುವ ಸೌಲಭ್ಯ ಮಾತ್ರ ಅದರಲ್ಲಿದೆ. ಬೇಡವಾದವರು ಅದನ್ನು ಮುಟ್ಟಬೇಕಾಗಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ. ಆದರೂ ಇವೆರಡೂ ಪ್ರಾಮಾಣಿಕವಾದ ಆಟಗಳು: ಒಂದು ತನ್ನ ಕಷ್ಟವನ್ನು ಬಚ್ಚಿಡುವುದಿಲ್ಲ, ಇನ್ನೊಂದು ತನ್ನ ರಿಯಾಯಿತಿಯನ್ನು ಬಚ್ಚಿಡುವುದಿಲ್ಲ. ನಾನು ಆಕ್ಷೇಪಿಸುವುದು ಬಚ್ಚಿಟ್ಟ ತೂಬನ್ನು. ಅಳತೆಗೋಲಿನ ಗೆರೆಗಳು ನಾವು ನೋಡದಿರುವಾಗ ಸರಿದಾಡುತ್ತಿದ್ದರೆ ಪ್ರಯೋಗಾಲಯದಲ್ಲಿ ಯಾವ ವಿದ್ಯಾರ್ಥಿ ತಾನೇ ಸರಿಯಾದ ಉತ್ತರವನ್ನು ಪಡೆದಾನು? ಗೆದ್ದಾಗ ತನ್ನ ಕೌಶಲವೆಷ್ಟು, ಸೋತಾಗ ತನ್ನ ಕೊರತೆಯೆಷ್ಟು ಎಂದು ತಿಳಿಯುವ ಹಕ್ಕು ಆಟಗಾರನಿಗಿದೆ. ಕಷ್ಟವನ್ನು ಯಂತ್ರವೇ ಬದಲಿಸುವುದಾದರೆ ಅದನ್ನು ಆಟದ ಮೊದಲ ಪುಟದಲ್ಲಿಯೇ ತಿಳಿಸಬೇಕು. ಬೇಡವೆನ್ನುವ ಅವಕಾಶವನ್ನೂ ಕೊಡಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದುದೇನು? ಗೆಳೆಯನಿಗೆ ಆಟವನ್ನು ಸೂಚಿಸುವಾಗ "ಚೆನ್ನಾಗಿದೆ" ಎಂದಷ್ಟೇ ಹೇಳಿ ನಿಲ್ಲಿಸಬೇಡಿರಿ. ಇಂಥ ಆಟವನ್ನು ಮೊದಲು ಎಷ್ಟು ಆಡಿದ್ದೆ, ಯಾವ ಮಟ್ಟದಲ್ಲಿ ಆಡಿದೆ, ಎಲ್ಲಿ ಎಷ್ಟು ಸಲ ಸೋತೆ ಎಂಬುದನ್ನೂ ಹೇಳಿರಿ. ದರ್ಜೆಯನ್ನೂ ದೋಣಿಯವನ ಅನುಭವವನ್ನೂ ಹೇಳಿದರೆ ಮಾತ್ರ ನದಿಯ ವರ್ಣನೆ ಪೂರ್ಣವಾದೀತು. ಸುಲಭದ ಮಟ್ಟವನ್ನು ಆರಿಸಿಕೊಳ್ಳಲು ನಾಚಬೇಡಿರಿ. ಅದು ಸಪ್ಪೆಯಾದೊಡನೆ ಮೇಲೇರಲು ಮರೆಯಬೇಡಿರಿ. ಇನ್ನೇನು ಗೆದ್ದೇಬಿಡುವೆನೆನ್ನುವಾಗ ಪದೇ ಪದೇ ಸೋತು, ಅದೇ ಸಮಯಕ್ಕೆ ಹಣ ಕೊಡುವಂತೆ ಕೇಳುವ ಗುಂಡಿ ಕಂಡರೆ, ತೂಬು ಯಾರ ಕೈಯಲ್ಲಿದೆಯೆಂದು ಯೋಚಿಸಿ ಫೋನನ್ನು ಕೆಳಗಿಡಿರಿ.

ತಲೆ ತಗ್ಗಿಸಿದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: "ನಿನಗೂ ಆ ಆಟಕ್ಕೂ ನಡುವೆ ಇದ್ದ ಅಂತರ ಇಂದಿನದು. ಅಂತರ ಹೆಚ್ಚಾಗಿದ್ದರೆ ಅದು ನಿನ್ನ ತಲೆಯ ಅಳತೆಯಲ್ಲ. ಒಂದು ಮೆಟ್ಟಿಲು ಕೆಳಗಿನಿಂದ ಹತ್ತು." ಅವನು ಹಾಗೆಯೇ ಮಾಡಿದನು. ಒಂದು ತಿಂಗಳ ಬಳಿಕ ಮೂರನೆಯ ಹಂತವನ್ನು ದಾಟಿದೆನೆಂದು ಬಂದು ಹೇಳಿದನು. ಮಾರನೆಯ ದಿನ, ಕೈಬಿಟ್ಟಿದ್ದ ಯಂತ್ರಶಾಸ್ತ್ರದ ಲೆಕ್ಕಗಳನ್ನು ಮೊದಲ ಲೆಕ್ಕದಿಂದ ತೋರಿಸಿಕೊಡಿರೆಂದು ಪುಸ್ತಕ ಹಿಡಿದು ಬಂದನು.