ಇಲ್ಲಿ ಹವ್ಯಾಸ, ಊರಲ್ಲಿ ಅಪರಾಧ: ಒಂದು ಪಾತ್ರೆ ಏಲ್ ಹೇಳುವ ಕಥೆ

ಕಳೆದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಅಡುಗೆಮನೆಯಲ್ಲಿ ಐದು ಲೀಟರ್ ಮಸಾಲೆ ಏಲ್ ಮಾಡಿದೆ. ಏಲ್ ಅಂದರೆ ಬಿಯರಿನ ಹಳೆಯ ಇಂಗ್ಲಿಷ್ ರೂಪ. 1.2 ಕೆಜಿ ಬಾರ್ಲಿ ಮಾಲ್ಟನ್ನು 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಕುದಿಸಿದೆ. ಕಹಿ ಕೊಡುವ ಹಾಪ್ಸ್ ಹಾಕಲಿಲ್ಲ. ಬದಲಿಗೆ ಶುಂಠಿ, ಚಕ್ಕೆ, ಜಾಯಿಕಾಯಿ, ಕುಟ್ಟಿದ ಹಿಪ್ಪಲಿ. ತಣ್ಣಗಾದ ಮೇಲೆ ಯೀಸ್ಟ್. ಹತ್ತು ದಿನಕ್ಕೆ ರೆಡಿ.

ಫೋಟೊ ನೋಡಿದ ಊರಿನ ಗೆಳೆಯ, ‘ಇಲ್ಲಾಗಿದ್ರೆ ಅಬಕಾರಿಯವರು ಪಾತ್ರೆ ಸಮೇತ ಎತ್ಕೊಂಡು ಹೋಗ್ತಿದ್ರು’ ಅಂದ. ತಮಾಷೆಯ ಮಾತೇ. ಆದರೆ ಕಾನೂನು ನಿಜಕ್ಕೂ ಹಾಗೇ ಇದೆ.

ಹಾಗಂತ ಇಂಗ್ಲೆಂಡ್ ಮೊದಲಿಂದಲೂ ಉದಾರವಾಗಿತ್ತು ಅಂದುಕೊಳ್ಳಬೇಡಿ. ಮಧ್ಯಯುಗದಲ್ಲಿ ಏಲ್ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮಾರುತ್ತಿದ್ದರು. ಅವರಿಗೆ ಪದೇ ಪದೇ ಬೀಳುತ್ತಿದ್ದ ದಂಡ ಹೆಸರಿಗಷ್ಟೇ ದಂಡ, ನಿಜದಲ್ಲಿ ಅದು ಲೈಸೆನ್ಸ್ ಶುಲ್ಕವೇ. ಆಮೇಲೆ ಹಾಪ್ಸ್ ಬಂತು. ಹಾಪ್ಸ್ ಹಾಕಿದ ಬಿಯರ್ ಬೇಗ ಕೆಡುವುದಿಲ್ಲ, ದೂರಕ್ಕೆ ಸಾಗಿಸಬಹುದು. ದೊಡ್ಡ ಬಂಡವಾಳ ಬಂತು, ಕಸುಬು ಗಂಡಸರ ಕೈಗೆ ಹೋಯಿತು. 1816ರ ಒಂದು ಕಾಯ್ದೆ ಮಾಲ್ಟ್, ಹಾಪ್ಸ್ ಬಿಟ್ಟು ಬೇರೆ ಸಾಮಗ್ರಿ ಬಳಸದಂತೆ ಬಿಯರ್ ಉತ್ಪಾದಕರನ್ನು ಕಟ್ಟಿಹಾಕಿತು. ಕಲಬೆರಕೆಯ ಭಯ ಒಂದು ಕಾರಣ. ಆದರೆ ಸರ್ಕಾರಕ್ಕೆ ತೆರಿಗೆ ಬರುತ್ತಿದ್ದದ್ದು ಮಾಲ್ಟ್ ಮತ್ತು ಹಾಪ್ಸ್‌ನಿಂದ ಅನ್ನೋದೂ ಅಷ್ಟೇ ನಿಜ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರ ಸ್ವಂತ ಬಳಕೆಗೆ ಮನೆಯಲ್ಲಿ ತಯಾರಿಸುವವರಿಗೂ ಲೈಸೆನ್ಸ್ ತಂದಿತು. ಅದನ್ನು ತೆಗೆದದ್ದು 83 ವರ್ಷಗಳ ನಂತರ, 1963ರಲ್ಲಿ, ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್.

ಗೆರೆ ಎಲ್ಲಿ ಎಳೆದರು ಅನ್ನೋದು ಮುಖ್ಯ. ಮನೆಯಲ್ಲಿ ಹುಳಿಯಿಸಿ ಕುಡಿಯಬಹುದು, ಮಾರುವಂತಿಲ್ಲ. ಬಟ್ಟಿ ಇಳಿಸುವುದಂತೂ ಲೈಸೆನ್ಸ್ ಇಲ್ಲದೆ ಇಂದಿಗೂ ಅಪರಾಧ.

ನಮ್ಮ ಅಬಕಾರಿ ವ್ಯವಸ್ಥೆ ಬೆಳೆದದ್ದು ಇದೇ ಬ್ರಿಟಿಷರ ನೆರಳಲ್ಲಿ. ಅವರು ಮನೆಯ ಪಾತ್ರೆಯನ್ನು ಬಿಟ್ಟುಕೊಟ್ಟ ಎರಡೇ ವರ್ಷಕ್ಕೆ, 1965ರಲ್ಲಿ, ನಮ್ಮ ಅಬಕಾರಿ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ. ಹುಳಿಸಿದ್ದಕ್ಕೂ ಬಟ್ಟಿ ಇಳಿಸಿದ್ದಕ್ಕೂ ಒಂದೇ ಬೀಗ.

‘ಕಳ್ಳಭಟ್ಟಿಯಿಂದ ಜನ ಸಾಯ್ತಾರಲ್ವಾ?’ ಅಂತ ನೀವು ಕೇಳಬಹುದು. ಸಾಯ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ ಸತ್ತವರು 300ಕ್ಕೂ ಹೆಚ್ಚು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಕರ್ನಾಟಕ-ತಮಿಳುನಾಡು ಗಡಿಯ ದುರಂತದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಆದರೆ ಅವರನ್ನು ಕೊಂದದ್ದು ಮೆಥನಾಲ್ ಬೆರೆತ ಕಳ್ಳ ಸರಕು. ಬಾರ್ಲಿ ಹುಳಿಸಿದ ಏಲ್ ಅಲ್ಲ, ಮರದಿಂದ ಇಳಿಸಿದ ಹೆಂಡವೂ ಅಲ್ಲ. ಆದರೂ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಬಹುತೇಕ ಕಡೆ ಹೆಂಡ ಇಳಿಸುವಂತಿಲ್ಲ. ಬೆಂಗಳೂರಿನ ಮೈಕ್ರೊಬ್ರೂವರಿಯಲ್ಲಿ ಅದೇ ಹುಳಿಸುವ ಕೆಲಸಕ್ಕೆ ಕ್ರಾಫ್ಟ್ ಅಂತ ಹೆಸರು.

2025-26ರ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಗಂಟಿನ ಮುಂದೆ ಕುಳಿತ ಸರ್ಕಾರ, ನಿಯಂತ್ರಣವೆಲ್ಲ ಜನರ ಆರೋಗ್ಯಕ್ಕಾಗಿ ಅಂದರೆ ನಂಬುವುದು ಕಷ್ಟ.

ಮನೆಮನೆಯಲ್ಲೂ ಮದ್ಯ ಮಾಡಿ ಅಂತ ನಾನು ಹೇಳುತ್ತಿಲ್ಲ. ಕುಡಿತಕ್ಕೆ ಮನೆ ಕಳಕೊಂಡ ಹೆಂಗಸರು ಸಾರಾಯಿ ವಿರುದ್ಧ ಬೀದಿಗಿಳಿದ ನಾಡು ನಮ್ಮದು. ಅವರ ಮಾತೇ ಮೊದಲು ಕೇಳಬೇಕು. ನನ್ನ ತಕರಾರು ಇಷ್ಟೇ: ಅವರ ನೋವನ್ನು ಮುಂದಿಟ್ಟು ಹೆಂಡ ಇಳಿಸುವವನ ಕಸುಬು ಕಿತ್ತು, ಅದೇ ಓಣಿಯಲ್ಲಿ ಲೈಸೆನ್ಸ್ ಅಂಗಡಿ ತೆರೆಯುವುದು ಯಾವ ನ್ಯಾಯ? ಹುಳಿಸಿದ್ದನ್ನೂ ಬಟ್ಟಿ ಇಳಿಸಿದ್ದನ್ನೂ ಕಾನೂನು ಬೇರೆ ಬೇರೆಯಾಗಿ ನೋಡಲಿ. ಅಲ್ಲಿಂದಾದರೂ ಚರ್ಚೆ ಶುರುವಾಗಲಿ.