ಮಳೆ ಹೊರಗೆ, ನೀರು ಕಾರಿನೊಳಗೆ: ಸೋರಿಕೆಯ ಹೊಣೆ ಯಾರದು?

ಬೆಂಗಳೂರು: ಮಳೆಗಾಲದಲ್ಲಿ ಕಾರುಗಳು ಸುದ್ದಿಯಾಗುವುದು ಅವು ಮುಳುಗಿದಾಗ ಮಾತ್ರ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತದ್ದನ್ನೂ, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೊರಟದ್ದನ್ನೂ ದೇಶವೇ ಕಂಡಿತು. ಆದರೆ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರೂ ಇಲ್ಲದ ದಿನ, ಮನೆಯ ಮುಂದೆ ನಿಲ್ಲಿಸಿದ ಕಾರಿನ ಬಾಗಿಲು ತೆರೆದರೆ ಕಾಲಡಿಯ ಮ್ಯಾಟ್ ತೊಪ್ಪೆಯಾಗಿರುವುದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಮಾಲೀಕನಿಗೆ ಮಾತ್ರ ಅದು ತಿಂಗಳುಗಟ್ಟಲೆ ಕಾಡುವ ತಲೆನೋವು.

ಮುಳುಗಿದ ಕಾರಿಗೆ ವಿಮೆ ಇದೆ. ಸೋರುವ ಕಾರಿಗೆ ಏನಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಕಾರೆಂದರೆ ಎಲ್ಲ ಕಡೆಯಿಂದಲೂ ಬಿಗಿಯಾಗಿ ಮುಚ್ಚಿದ ಡಬ್ಬಿ, ನೀರು ಒಳಬಂದರೆ ಎಲ್ಲೋ ರಬ್ಬರ್ ಬೀಡಿಂಗ್ ಹರಿದಿದೆ ಎಂದೇ ಬಹುತೇಕರು ನಂಬಿದ್ದಾರೆ. ವಾಸ್ತವವಾಗಿ ಕಾರು ಮಲೆನಾಡಿನ ಹೆಂಚಿನ ಮನೆಯಂತೆ. ಅದರ ವಿನ್ಯಾಸವು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ; ಒಂದಿಷ್ಟು ನೀರನ್ನು ಬರಮಾಡಿಕೊಂಡು, ಗೊತ್ತಾದ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಆ ದಾರಿ ಕಟ್ಟಿಕೊಂಡಾಗಲೇ ನೀರು ಒಳಮನೆಗೆ ನುಗ್ಗುವುದು.

ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಪ್ಲಾಸ್ಟಿಕ್ ಜಾಲರಿಯೊಂದಿರುತ್ತದೆ. ಗಾಜಿನಿಂದ ಇಳಿದ ಮಳೆನೀರು ಈ ಜಾಲರಿಯ ಮೂಲಕ ಒಂದು ಕಾಲುವೆಗೆ ಬಿದ್ದು, ಎರಡೂ ಬದಿಯ ರಂಧ್ರಗಳಿಂದ ನೆಲಕ್ಕೆ ಹರಿಯಬೇಕು. ಎ.ಸಿ.ಗೆ ಹೊರಗಿನ ಗಾಳಿ ಎಳೆಯುವ ಬಾಯಿಯೂ ಇದೇ ಕಾಲುವೆಯಲ್ಲಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಗುಲ್‌ಮೊಹರ್ ಅಥವಾ ಮಳೆಮರದ ನೆರಳಿಗೆಂದು ಕಾರು ನಿಲ್ಲಿಸುವವರು ತುಸು ಗಮನಿಸಬೇಕು. ಈ ಮರಗಳ ಎಲೆಗಳು ಅತಿ ಸಣ್ಣವು, ಜಾಲರಿಯಲ್ಲಿ ಸಲೀಸಾಗಿ ನುಸುಳುತ್ತವೆ. ಬೇಸಿಗೆಯುದ್ದಕ್ಕೂ ಸೇರಿದ ಎಲೆ, ಹೂವಿನ ಎಸಳು, ರಸ್ತೆಯ ದೂಳು ಮೊದಲ ಮಳೆಗೆ ನೆನೆದು ಗೊಬ್ಬರವಾಗಿ ರಂಧ್ರವನ್ನು ಮುಚ್ಚುತ್ತವೆ. ಕಾಲುವೆ ತುಂಬಿದಾಗ ನೀರಿಗೆ ಉಳಿಯುವುದು ಗಾಳಿಯ ಬಾಯಿ ಮಾತ್ರ. ಎಡ ಆಸನದ ಮುಂದಿನ ನೆಲ ಒದ್ದೆಯಾಗಿದ್ದರೆ ಮೊದಲ ಅನುಮಾನ ಇಲ್ಲಿಯೇ ಬೀಳಬೇಕು.

ಎರಡನೆಯದು ಸನ್‌ರೂಫ್. ಒಂದು ಕಾಲಕ್ಕೆ ಐಷಾರಾಮಿ ಕಾರುಗಳ ಸೊತ್ತಾಗಿದ್ದ ಇದು ಈಗ ಸಣ್ಣ ಕಾರುಗಳಿಗೂ ಇಳಿದಿದೆ. 2023ರ ಆರಂಭದಲ್ಲಿ ಜಲಪಾತದಡಿ ನಿಲ್ಲಿಸಿದ ಎಸ್‌ಯುವಿಯೊಂದರ ಛಾವಣಿಯಿಂದ ನೀರು ಸುರಿಯುವ ವಿಡಿಯೊ ದೇಶವಿಡೀ ಹರಿದಾಡಿ, ತಯಾರಕ ಸಂಸ್ಥೆಯೇ ಮತ್ತೊಂದು ವಿಡಿಯೊ ಮೂಲಕ ಉತ್ತರ ಕೊಡಬೇಕಾಯಿತು. ಆ ಚರ್ಚೆಯಲ್ಲಿ ಮರೆತುಹೋದ ಸಂಗತಿಯೆಂದರೆ ಸನ್‌ರೂಫ್‌ನ ರಬ್ಬರ್ ಅಂಚು ಹನಿ ನೀರನ್ನೂ ಬಿಡದಂತೆ ರೂಪಿತವಾದುದಲ್ಲ ಎಂಬುದು. ಅಂಚನ್ನು ದಾಟಿದ ನೀರು ಗಾಜಿನ ಸುತ್ತಲಿನ ತಟ್ಟೆಗೆ ಬಿದ್ದು, ಅದರ ಮೂಲೆಗಳಲ್ಲಿರುವ ತೆಳು ಕೊಳವೆಗಳ ಮೂಲಕ ಕಂಬಗಳೊಳಗೆ ಇಳಿದು ಚಕ್ರಗಳ ಬಳಿ ಹೊರಬರುತ್ತದೆ. ಕೊಳವೆ ಕಟ್ಟಿದರೆ ಅಥವಾ ಜೋಡಣೆ ಕಳಚಿದರೆ ಛಾವಣಿಯ ಬಟ್ಟೆ ನೆನೆಯುತ್ತದೆ, ದೀಪದಿಂದ ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಕಂಬದೊಳಗೇ ಇಳಿದು ಕಾರ್ಪೆಟ್ ಕೆಳಗೆ ಸೇರುತ್ತದೆ. ಕಟ್ಟಿದ ಕೊಳವೆಗೆ ಕಂಪ್ರೆಸರ್ ಗಾಳಿ ಹೊಡೆಯುವುದು ಗ್ಯಾರೇಜುಗಳ ರೂಢಿ. ಆ ರಭಸಕ್ಕೆ ಕೊಳವೆ ಒಳಗೇ ಕಳಚಿಕೊಂಡರೆ ಚಿಕ್ಕ ರೋಗಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ತಂತಿಯನ್ನು ಮೆಲ್ಲನೆ ತೂರಿಸಿ, ಲೋಟದಷ್ಟು ನೀರು ಸುರಿದು, ಅದು ಕೆಳಗೆ ಹರಿಯಿತೇ ಎಂದು ನೋಡುವುದು ಕ್ಷೇಮ.

ಮೂರನೆಯ ದಾರಿ ಈ ವರದಿಗಾರನಿಗೆ ಸ್ವಾನುಭವದಿಂದ ತಿಳಿದದ್ದು. ಹಳೆಯ ಕಾರೊಂದನ್ನು ಕೊಂಡ ಮೊದಲ ಮಳೆಗಾಲದಲ್ಲೇ ಹಿಂಬದಿಯ ನೆಲದಲ್ಲಿ ನೀರು ನಿಲ್ಲತೊಡಗಿತು. ಅಧಿಕೃತ ಸರ್ವಿಸ್ ಕೇಂದ್ರವೊಂದಕ್ಕೆ ಮೂರು ಸಲ ಅಲೆದದ್ದಾಯಿತು. ಮೊದಲ ಸಲ ಬೀಡಿಂಗ್ ಬದಲಾಯಿತು, ಎರಡನೇ ಸಲ ಮುಂಗಾಜಿನ ಸುತ್ತ ಸಿಲಿಕೋನ್ ಮೆತ್ತಿದರು, ಮೂರನೇ ಸಲ ‘ಮಳೆ ಜೋರಾಗಿತ್ತಲ್ಲ ಸಾರ್’ ಎಂಬ ಸಮಾಧಾನ ದೊರೆಯಿತು. ಬಿಲ್ ಮಾತ್ರ ಮೂರೂ ಸಲ ತಪ್ಪಲಿಲ್ಲ. ಕೊನೆಗೊಂದು ಭಾನುವಾರ ಮನೆಯವಳು ಪೈಪ್ ಹಿಡಿದು ಹೊರಗೆ ನಿಂತಳು. ನಾನು ಟಾರ್ಚ್ ಹಿಡಿದು ಒಳಗೆ ಕುಳಿತೆ. ಹಿಂಬಾಗಿಲಿನ ಪ್ಯಾಡ್‌ನ ತಳದಿಂದ ಸಣ್ಣಗೆ ನೀರು ಜಿನುಗಿತು.

ಕಿಟಕಿ ಗಾಜು ಏರಿಳಿಯುವ ಸಂದಿಯಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ. ಅದು ಬಾಗಿಲಿನ ತಳದ ರಂಧ್ರಗಳಿಂದ ಹೊರಹೋಗುತ್ತದೆ. ಪ್ಯಾಡ್‌ನ ಹಿಂದೆ ಅಂಟು ಮೇಣದಿಂದ ಕೂರಿಸಿದ ಪ್ಲಾಸ್ಟಿಕ್ ಹಾಳೆ ಆ ನೀರನ್ನು ಕಾರಿನ ಒಳಗಿನಿಂದ ಬೇರ್ಪಡಿಸುತ್ತದೆ. ಹಿಂದಿನ ಮಾಲೀಕರು ಸ್ಪೀಕರ್ ಹಾಕಿಸುವಾಗ ಹಾಳೆಯನ್ನು ಕಿತ್ತವರು ಮತ್ತೆ ಅಂಟಿಸಿರಲಿಲ್ಲ. ದುರಸ್ತಿಗೆ ಬೇಕಾದದ್ದು ಹೊಸ ಅಂಟು ಪಟ್ಟಿ ಮತ್ತು ಅರ್ಧ ಗಂಟೆ.

ಪೈಪ್ ಪರೀಕ್ಷೆಗೂ ಒಂದು ಕ್ರಮವಿದೆ. ಮೊದಲಿಗೆ ಕಾರ್ಪೆಟ್ ಎತ್ತಿ ನೆಲವನ್ನು ಒರೆಸಿ ಒಣಗಿಸಬೇಕು. ನೀರು ರಭಸವಾಗಿರಬಾರದು, ಮಳೆಯಂತೆ ಸುರಿಯಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಛಾವಣಿಗೇ ಮೊದಲು ನೀರು ಬಿಟ್ಟರೆ ಅದು ಎಲ್ಲೆಡೆ ಇಳಿದು ಯಾವ ದಾರಿಯಿಂದ ಬಂದಿತೆಂದು ತಿಳಿಯದು. ಒಂದೊಂದು ಭಾಗಕ್ಕೂ ಐದು ನಿಮಿಷವಾದರೂ ಕಾಯಬೇಕು. ಅನುಮಾನವಿರುವಲ್ಲಿ ವೃತ್ತಪತ್ರಿಕೆಯ ತುಂಡು ಹಾಸಿದರೆ ಮೊದಲ ಹನಿ ಬಿದ್ದ ಜಾಗ ಕಾಣುತ್ತದೆ (ಪೋರ್ಟಲ್ ಯುಗದಲ್ಲಿ ಮುದ್ರಿತ ಪತ್ರಿಕೆಗೆ ಉಳಿದ ಉಪಯೋಗಗಳಲ್ಲಿ ಇದೂ ಒಂದು). ಮಳೆಯೇ ಇಲ್ಲದ ದಿನ, ಎ.ಸಿ. ಹಾಕಿದಾಗ ಮಾತ್ರ ನೆಲ ಒದ್ದೆಯಾದರೆ ಅದು ಸೋರಿಕೆಯಲ್ಲ, ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿದೆ ಎಂದರ್ಥ. ನೀರು ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಹೀಟರ್‌ನಿಂದ ಒಸರಿದ ಕೂಲೆಂಟ್. ಮೆಕ್ಯಾನಿಕ್ ಬಳಿ ಹೋಗಲು ತಡಮಾಡಬಾರದು. ಡಿಕ್ಕಿಯಲ್ಲಿ ನೀರಿದ್ದರೆ ಹಿಂದಿನ ದೀಪಗಳ ಗ್ಯಾಸ್ಕೆಟ್ ನೋಡಬೇಕು.

ಒಂದಿಷ್ಟು ನೀರಿಗೆ ಇಷ್ಟೊಂದು ಗದ್ದಲವೇಕೆ ಎಂದು ಕೇಳಬಹುದು. ಕಾರ್ಪೆಟ್ ಕೆಳಗೆ ದಪ್ಪನೆಯ ಫೋಮ್ ಇದೆ. ಬಿಸಿಲಿಗೆ ನಿಲ್ಲಿಸಿದರೆ ಮೇಲಿನ ಬಟ್ಟೆ ಒಣಗುತ್ತದೆಯೇ ಹೊರತು ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಗ್ಗಲು ವಾಸನೆ, ಬೆಳಗ್ಗೆ ಗಾಜಿನ ಒಳಬದಿಗೆ ಕವಿಯುವ ಮಂಜು ಇದರ ಗುರುತು. ಆಸನಗಳ ಕೆಳಗೆ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ವ್ಯವಸ್ಥೆಯ ಹಳದಿ ಕನೆಕ್ಟರ್‌ಗಳಿವೆ. ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಹಲವು ಕಾರುಗಳಲ್ಲಿ ಮುಂದಿನ ಎರಡು ಆಸನಗಳ ನಡುವೆ, ನೆಲದ ಮಟ್ಟದಲ್ಲೇ ಇರುತ್ತದೆ. ಇವು ಕಿಲುಬು ಹಿಡಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಅಪಘಾತದ ಹೊತ್ತಿಗೆ ಚೀಲ ಬಿಚ್ಚಿಕೊಳ್ಳುವ ಖಾತರಿ ಇರದು. ಹೀಗಾಗಿ ಸೋರಿಕೆಯನ್ನು ಬರೀ ಅಂದಚಂದದ ದೂರೆಂದು ತಳ್ಳಿಹಾಕುವಂತಿಲ್ಲ.

ಇನ್ನು ಹೊಣೆಗಾರಿಕೆಯ ಮಾತು. ಮಾಲೀಕನು ತಟ್ಟಬಹುದಾದ ಬಾಗಿಲುಗಳು ಹಲವಿವೆ. ಸಮಗ್ರ ವಿಮೆಯು ಪ್ರವಾಹ, ಚಂಡಮಾರುತ, ಜಲಾವೃತಗಳಿಂದಾದ ಹಾನಿಯನ್ನು ಭರಿಸುತ್ತದೆ. ಸವೆತ, ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯವನ್ನು ಹೊರಗಿಡುತ್ತದೆ. ಎಲೆ ಕಟ್ಟಿದ ರಂಧ್ರದಿಂದ ಬಂದ ನೀರನ್ನು ವಿಮಾ ಸರ್ವೇಯರ್ ಎರಡನೆಯ ಸಾಲಿಗೆ ಸೇರಿಸುವ ಸಂಭವವೇ ಹೆಚ್ಚು. ವಾಹನ ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ಕೇಂದ್ರ ಸರ್ಕಾರಕ್ಕೆ ಬಂದಿದೆ. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಅದು ಪರಿಸರಕ್ಕೆ ಇಲ್ಲವೇ ಜನರ ಸುರಕ್ಷತೆಗೆ ಅಪಾಯ ತರುವ, ಹಲವು ಮಾಲೀಕರು ದೂರಿರುವ ದೋಷಗಳಿಗೆ ಸಂಬಂಧಿಸಿದ್ದು. ಬಿಡಿ ಮಾಲೀಕನ ಒದ್ದೆ ಕಾರ್ಪೆಟ್ ಅಲ್ಲಿಯವರೆಗೆ ಮುಟ್ಟದು.

ಉಳಿಯುವುದು ವಾರಂಟಿ ಮತ್ತು ಗ್ರಾಹಕ ಆಯೋಗ. ಹೊಸ ಕಾರು ಸೋರಿದರೆ ವಾರಂಟಿಯಲ್ಲಿ ಸರಿಪಡಿಸಿಕೊಡಬೇಕಾದುದು ನ್ಯಾಯ. ಅಲ್ಲಿ ಎದುರಾಗುವ ವಾದ ಎರಡು ಬಗೆಯದು: ಹೊರಗೆ ಆಕ್ಸೆಸರಿ ಹಾಕಿಸಿದ್ದೀರಿ, ಅಥವಾ ಸರಿಯಾಗಿ ಸ್ವಚ್ಛ ಮಾಡಿಲ್ಲ. ಮೊದಲ ವಾದದಲ್ಲಿ ಹುರುಳಿಲ್ಲದಿಲ್ಲ. ಹೊರಗಿನ ಅಂಗಡಿಗಳಲ್ಲಿ ದೀಪ, ಹಾರ್ನ್, ಆಂಪ್ಲಿಫೈಯರ್‌ಗಳ ತಂತಿ ಎಳೆಯಲು ಎಂಜಿನ್ ಗೋಡೆಯ ರಬ್ಬರ್ ಬಿರಡೆಯನ್ನು ಚುಚ್ಚಿ ಹಾಗೆಯೇ ಬಿಡುವುದುಂಟು. ಎರಡನೆಯ ವಾದ ಮಾತ್ರ ಒಪ್ಪತಕ್ಕದ್ದಲ್ಲ. ವೈಪರ್ ಕೆಳಗಿನ ಕಾಲುವೆ ಅಥವಾ ಸನ್‌ರೂಫ್ ಕೊಳವೆಯನ್ನು ಸ್ವಚ್ಛಗೊಳಿಸಬೇಕೆಂದು ಕಾರು ಮಾರುವಾಗ ಹೇಳುವವರಾದರೂ ಯಾರು? ಎಣ್ಣೆ, ಫಿಲ್ಟರ್, ಬ್ರೇಕ್ ಎಂದು ಉದ್ದದ ಪಟ್ಟಿ ಹಿಡಿದು ಬರುವ ಸರ್ವಿಸ್ ಕೇಂದ್ರದ ಸಲಹೆಗಾರ ಮುಂಗಾರಿಗೆ ಮುನ್ನ ಈ ಹತ್ತು ನಿಮಿಷದ ಕೆಲಸವನ್ನು ಪ್ರಸ್ತಾಪಿಸಿದ್ದನ್ನು ಈ ವರದಿಗಾರ ಇದುವರೆಗೂ ಕೇಳಿಲ್ಲ. ಸೋರಿಕೆಯ ಮೂಲ ಹುಡುಕಲು ಗಂಟೆಗಟ್ಟಲೆ ತಾಳ್ಮೆ ಬೇಕು, ಬಿಲ್ಲಿನಲ್ಲಿ ಬದಲಿ ಬಿಡಿಭಾಗ ತೋರಿಸಲಾಗದು. ಸಿಲಿಕೋನ್ ಟ್ಯೂಬ್ ಅಷ್ಟು ಬೇಗ ಕೈಗೆ ಬರುವುದಕ್ಕೆ ಇದೇ ಕಾರಣವಿರಬೇಕು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ವ್ಯಾಜ್ಯಕ್ಕೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕಾರು ಎಲ್ಲಿಯೇ ಖರೀದಿಸಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರಬಹುದು. ಮಂಗಳೂರಿನಲ್ಲಿ ಕೊಂಡ ಕಾರಿಗಾಗಿ ಕಲಬುರಗಿಯವರು ಕರಾವಳಿಗೆ ಓಡಾಡಬೇಕಿಲ್ಲ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, ವಕೀಲರೂ ಕಡ್ಡಾಯವಲ್ಲ. ಆಯೋಗದ ಮುಂದೆ ನಿಲ್ಲುವುದು ದಾಖಲೆಯೊಂದೇ. ಆದ್ದರಿಂದ ಪ್ರತಿ ಭೇಟಿಯಲ್ಲೂ ಜಾಬ್ ಕಾರ್ಡ್‌ನಲ್ಲಿ ‘ಸಾಮಾನ್ಯ ತಪಾಸಣೆ’ ಎಂದು ಬರೆಯಲು ಬಿಡದೆ, ನೀರು ಯಾವ ಭಾಗದಲ್ಲಿ, ಯಾವ ದಿನ ಕಂಡಿತೆಂದು ಬರೆಸಿಕೊಳ್ಳಬೇಕು. ದಿನಾಂಕವಿರುವ ವಿಡಿಯೊ ಇದ್ದರೆ ಇನ್ನೂ ಒಳಿತು.

ಹಳೆಯ ಕಾರು ಕೊಳ್ಳುವವರಿಗೆ ಈ ರಕ್ಷಣೆಯೂ ದುರ್ಬಲ, ಅದರಲ್ಲೂ ಖಾಸಗಿ ವ್ಯಕ್ತಿಯಿಂದ ನೇರವಾಗಿ ಕೊಂಡಾಗ. ಕಾರಿನೊಳಗೆ ಸುಗಂಧದ ಬಾಟಲಿ ಒಂದಕ್ಕಿಂತ ಹೆಚ್ಚು ತೂಗುತ್ತಿದ್ದರೆ ತುಸು ಅನುಮಾನಿಸಬೇಕು. ಮುಂಗಡ ಕೊಡುವ ಮೊದಲು ಡಿಕ್ಕಿಯ ಹಾಸು ಎತ್ತಿ, ಸ್ಟೆಪ್ನಿ ತೆಗೆಸಿ, ಅದರ ಗುಳಿಯಲ್ಲಿ ತುಕ್ಕು ಅಥವಾ ಕೆಸರಿನ ಗೆರೆ ಇದೆಯೇ ನೋಡಬೇಕು. ಮುಂದಿನ ಆಸನದ ಹಳಿಗಳ ಬೋಲ್ಟ್‌ಗಳನ್ನೂ ನೋಡಬೇಕು. ಛಾವಣಿಯಡಿ ಇದ್ದ ಬೋಲ್ಟ್‌ಗೆ ತುಕ್ಕು ಹಿಡಿದಿದೆಯೆಂದರೆ ಆ ನೆಲದ ಮೇಲೆ ನೀರು ಬಹುಕಾಲ ನಿಂತಿತ್ತು.