ಗುಲಾಬಿಗೆ ಸಿಂಪಡಿಸಿದ್ದು ಬಾವಿಗೆ

ಮಲೆನಾಡಿನ ಅಂಗಳಗಳಲ್ಲೂ ಕಸಿ ಗುಲಾಬಿಗೆ ಮಳೆಗಾಲವಿಡೀ ಶಿಲೀಂಧ್ರನಾಶಕ ಸಿಂಪಡಿಸುವುದು ಕಾಣುತ್ತಿದೆ. ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಎಲೆಯನ್ನು ಹೊಗಲು ಸುಮಾರು 7 ಗಂಟೆಗಳ ತೇವ ಸಾಕು; ಆಷಾಢದಲ್ಲಿ ನಮ್ಮಲ್ಲಿ ಎಲೆ ಒಣಗುವುದೇ ಅಪರೂಪ. ಸಿಂಪಡಿಸಿದ್ದು ಮಳೆಗೆ ತೊಳೆದು, ಇಳಿಜಾರಿನಲ್ಲಿ ಬಾವಿಯತ್ತ ಹರಿಯುತ್ತದೆ. ಹೂವಿಗಾಗಿ ಕುಡಿಯುವ ನೀರನ್ನು ಕೆಡಿಸಿಕೊಳ್ಳುವುದು ನನಗೆ ಒಪ್ಪಿತವಲ್ಲ.

ಅಜ್ಜಿಯರು ಕಡ್ಡಿ ನೆಟ್ಟು ಬೆಳೆಸುತ್ತಿದ್ದ ಪನ್ನೀರು ಗುಲಾಬಿಯನ್ನೇ ಬಿಸಿಲು, ಗಾಳಿಯಾಡುವ ಬೇಲಿಯ ಬಳಿ ನೆಡೋಣ. ನೀಳ ಕೊಂಬೆಗಳನ್ನು ಕತ್ತರಿಸದೆ, ಅಡಿಕೆ ದಬ್ಬೆಯ ಮೇಲೆ ಅಡ್ಡಲಾಗಿ ಬಾಗಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ನೆಟ್ಟಗಿರುವ ಕೊಂಬೆಯಲ್ಲಿ ತುದಿಕುಡಿಯು ಕೆಳಗಿನ ಕಣ್ಣುಗಳನ್ನು ಅದುಮಿಡುತ್ತದೆ. ಬಾಗಿಸಿದರೆ ಉದ್ದಕ್ಕೂ ಕಣ್ಣುಗಳು ಚಿಗುರೊಡೆದು ಹೂ ಬಿಡುತ್ತವೆ. ಉದುರಿದ ಚುಕ್ಕೆ ಎಲೆಗಳನ್ನು ಮಾತ್ರ ಬುಡದಲ್ಲಿ ಬಿಡದೆ ದೂರದಲ್ಲಿ ಹೂಳಬೇಕು. ಮಳೆಗಾಲದಲ್ಲಿ ಗಿಡ ಬೋಳಾದರೆ ಆಗಲಿ. ಮಳೆ ಹಿಂದೆಗೆದಂತೆ ಮತ್ತೆ ಚಿಗುರುತ್ತದೆ.